ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಲು ಬಂದವಳು: ಬೆಂಗಳೂರಿನ ಒಂದು ಹಾರರ್ ಗೇಮ್ ಸ್ಟುಡಿಯೊದ ಪ್ರಕರಣ

ಇದು ಬೆಂಗಳೂರಿನ ಐದು ಜನರ ಒಂದು ಸ್ಟುಡಿಯೊದ ಪ್ರಕರಣ. ಅವರು ಮಾಡುವುದು ಹಾರರ್ ಗೇಮ್ ಮಾತ್ರ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸ್ಟುಡಿಯೊದ ಹೆಸರು, ಗೇಮಿನ ಹೆಸರು, ಬಡಾವಣೆ, ಹಣದ ಮೊತ್ತ ಯಾವುದನ್ನೂ ಹೇಳುವುದಿಲ್ಲ. ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರ ಹಣದ ಲೆಕ್ಕ ಮತ್ತು ಕೆಲಸದ ವೇಳಾಪಟ್ಟಿ ನೋಡಿಕೊಡಲು ನಾನು ಹೊರಗಿನಿಂದ ಹೋಗಿಬರುತ್ತಿದ್ದೆ. ಹಾಗಾಗಿ ಜಗಳ, ತೀರ್ಮಾನ ಎರಡನ್ನೂ ಹತ್ತಿರದಿಂದ ನೋಡಿದ್ದೇನೆ.

ಸಣ್ಣ ಸ್ಟುಡಿಯೊ ಯಾಕೆ ಮುಚ್ಚುತ್ತದೆ ಎಂದು ಕೇಳಿದರೆ ಎಲ್ಲರೂ ದುಡ್ಡಿನ ಮಾತೇ ಆಡುತ್ತಾರೆ. ದುಡ್ಡೂ ಒಂದು ಕಾರಣ, ನಿಜ. ಆದರೆ ಈ ಸ್ಟುಡಿಯೊ ಮುಳುಗುವ ಹಂತಕ್ಕೆ ಬಂದದ್ದಕ್ಕೆ ಇನ್ನೊಂದು ಖರ್ಚು ಕಾರಣ. ಗೇಮನ್ನು ಮೊದಲ ಸಲ ನೋಡುವ ಜನರನ್ನು ಅವರು ಲೆಕ್ಕವಿಲ್ಲದೆ ಖರ್ಚು ಮಾಡಿದ್ದರು. ಹಾರರ್ ಗೇಮಿಗೆ ಒಬ್ಬ ಮನುಷ್ಯ ಒಂದೇ ಸಲ ಹೊಸಬ. ಎರಡನೇ ಸಲ ಕೂತಾಗ ಅವನಿಗೆ ಯಾವ ಬಾಗಿಲ ಹಿಂದೆ ಏನಿದೆ ಎಂದು ಗೊತ್ತಿರುತ್ತದೆ. ಈ ಬರಹದ ಬಹುಪಾಲು ಅದರ ಸುತ್ತಲೇ ಇದೆ.

ಹಿನ್ನೆಲೆ

ಐದೂ ಜನ ಮೊದಲು ಮೊಬೈಲ್ ಗೇಮ್ ಕಂಪನಿಗಳಲ್ಲಿ ಸಂಬಳಕ್ಕಿದ್ದವರು. ಬೆಂಗಳೂರಿನಲ್ಲಿ ಹೊರದೇಶದ ಗೇಮ್‌ಗಳಿಗೆ ಆರ್ಟ್ ಮಾಡಿಕೊಡುವ ಕೆಲಸ ಬೇಕಾದಷ್ಟಿದೆ. ಇವರಲ್ಲಿ ಇಬ್ಬರು ಆರ್ಟಿಸ್ಟ್‌ಗಳು ಬೇರೆಯವರ ಗೇಮಿಗೆ ಕತ್ತಿ, ಪೆಟ್ಟಿಗೆ, ಮರ ಮಾಡಿ ಮಾಡಿ ಬೇಸತ್ತಿದ್ದರು. ಜೊತೆಗೆ ಒಬ್ಬ ಪ್ರೋಗ್ರಾಮರ್, ಒಬ್ಬ ಸೌಂಡ್ ಡಿಸೈನರ್, ಮತ್ತು ಕಥೆ, ವಿನ್ಯಾಸ, ವ್ಯವಹಾರ ಎಲ್ಲವನ್ನೂ ಹೊತ್ತ ಒಬ್ಬ ಸ್ಥಾಪಕ. ಪ್ರೋಗ್ರಾಮರ್ ಹೆಣ್ಣುಮಗಳು, ಉಳಿದವರಿಗಿಂತ ವಯಸ್ಸಿನಲ್ಲಿ ದೊಡ್ಡವಳು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಒಂದು ಮನೆಯ ಮೊದಲ ಮಹಡಿಯನ್ನು ಬಾಡಿಗೆಗೆ ಹಿಡಿದರು. ಓನರ್ ಮನೆಯವರು ಕೆಳಗೇ ಇದ್ದರು.

ಗೇಮಿನ ಜಾಗ ಒಂದು ವಠಾರ. ಹಳೇ ಬೆಂಗಳೂರಿನ ವಠಾರವನ್ನು ನೋಡಿದವರಿಗೆ ಇದು ಎಷ್ಟು ಒಳ್ಳೆಯ ಆಯ್ಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಸಾಲು ಮನೆಗಳು, ನಡುವೆ ಒಂದೇ ಗೋಡೆ, ಎಲ್ಲರಿಗೂ ಒಂದೇ ನಲ್ಲಿ, ಮೂಲೆಯಲ್ಲಿ ಬಾವಿ. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಇಲ್ಲಿ ಎಣಿಸಬಹುದು. ಕಥೆ ನಡೆಯುವುದು ತೊಂಬತ್ತರ ದಶಕದಲ್ಲಿ. ಅಜ್ಜಿಯ ಮನೆಗೆ ಬಂದ ಮೊಮ್ಮಗಳೇ ಆಟಗಾರ. ಕೈಯಲ್ಲಿ ಆಯುಧ ಇರುವುದಿಲ್ಲ, ಒಂದು ಲಾಟೀನು ಮಾತ್ರ. ಈ ವಿಷಯದಲ್ಲಿ ಅವರಿಗೆ ಮಾದರಿಯಾಗಿದ್ದದ್ದು ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್. ಅದೂ ಹಾರರ್‌ನಲ್ಲೇ ಬೆಳೆದ ಸಣ್ಣ ತಂಡ. 2010ರಲ್ಲಿ ಬಂದ ಅವರ ‘ಅಮ್ನೀಷಿಯಾ’ದಲ್ಲಿ ಆಟಗಾರ ಹೊಡೆದಾಡುವ ಹಾಗಿಲ್ಲ. ಓಡಬೇಕು, ಇಲ್ಲವೇ ಅಡಗಿಕೊಳ್ಳಬೇಕು.

ನಡುವೆ 2023ರ ಸೆಪ್ಟೆಂಬರ್‌ನಲ್ಲಿ ಇವರು ಗೇಮ್ ಕಟ್ಟಲು ಬಳಸುತ್ತಿದ್ದ ಸಾಫ್ಟ್‌ವೇರ್‌ನ ಕಂಪನಿ ಯೂನಿಟಿ, ಗೇಮ್ ಇನ್‌ಸ್ಟಾಲ್ ಆದ ಲೆಕ್ಕಕ್ಕೆ ಶುಲ್ಕ ಹಾಕುವುದಾಗಿ ಹೇಳಿ ಎಲ್ಲರನ್ನೂ ಗಾಬರಿ ಮಾಡಿತು. ಗೊಡಾಟ್ ಎಂಬ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್‌ಗೆ ಹೋಗೋಣವೇ ಎಂಬ ಚರ್ಚೆಯಲ್ಲಿ ಇವರ ಒಂದಿಷ್ಟು ದಿನ ಹೋಯಿತು. ಅಕ್ಕ ಬೇಡ ಎಂದಳು, ಇದ್ದಲ್ಲೇ ಇದ್ದರು. ಒಂದು ವರ್ಷದ ನಂತರ ಯೂನಿಟಿ ಆ ಶುಲ್ಕವನ್ನೇ ಕೈಬಿಟ್ಟಿತು.

ಭಯ ಸವೆದುಹೋದದ್ದು

ಮೊದಲ ಆವೃತ್ತಿಯಲ್ಲಿ ಬಿಳಿ ಸೀರೆಯ ದೆವ್ವವೊಂದು ಬಾವಿಯಿಂದ ಎದ್ದು ವಠಾರದ ಓಣಿಯಲ್ಲಿ ಅಟ್ಟಿಸಿಕೊಂಡು ಬರುತ್ತಿತ್ತು. ಪ್ರತಿ ಶುಕ್ರವಾರ ಸಂಜೆ ಸ್ನೇಹಿತರನ್ನು ಕರೆದು ಆಡಿಸುತ್ತಿದ್ದರು. ಮೊದಮೊದಲು ಮೇಲಿನ ಮಹಡಿಯ ಕಿರುಚಾಟಕ್ಕೆ ಕೆಳಗಿನಿಂದ ಓನರ್ ಬಂದು ವಿಚಾರಿಸಿದ್ದೂ ಉಂಟು. ಎರಡು ಮೂರು ತಿಂಗಳಲ್ಲಿ ಕಿರುಚಾಟ ನಿಂತಿತು. ಅದೇ ಸ್ನೇಹಿತರು, ಅದೇ ಕುರ್ಚಿ. ‘ಭಯ ಆಗ್ತಿಲ್ಲ ಮಗಾ, ಇನ್ನೇನಾದ್ರೂ ಹಾಕು’ ಎಂದರು.

ಇವರು ಹಾಕಿದರು. ಎರಡನೇ ದೆವ್ವ ಬಂತು. ಬಾವಿಯಿಂದ ಕೈಗಳು ಬಂದವು. ತಲೆ ತಿರುಗಿಸುವ ಗೊಂಬೆ ಬಂತು. ಹಿನ್ನೆಲೆಗೆ 1898ರ ಪ್ಲೇಗ್ ಬಂತು. ಬೆಂಗಳೂರಿಗೆ ಪ್ಲೇಗ್ ಬಡಿದದ್ದು, ಜನ ಮನೆ ಬಿಟ್ಟು ಹೋದದ್ದು, ಆಮೇಲೆ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಎದ್ದದ್ದು, ಎಲ್ಲವನ್ನೂ ಹಳೇ ಪತ್ರಗಳ ರೂಪದಲ್ಲಿ ಮನೆತುಂಬ ಹರಡಿದರು. ಓದಲು ಚೆನ್ನಾಗಿತ್ತು. ಆದರೆ ಓದುತ್ತಾ ನಿಂತವನಿಗೆ ಹೆದರಿಕೆ ಎಲ್ಲಿಂದ ಬರಬೇಕು?

ಶಬ್ದದ ಕಥೆ ಇನ್ನೂ ಕಷ್ಟದ್ದು. ಸೌಂಡ್ ಹುಡುಗ ಒಂದು ದಿನ ತನ್ನ ಫೈಲ್ ತೆರೆದು ತೋರಿಸಿದ. ಅಲೆಯ ಚಿತ್ರ ಮೇಲಿನಿಂದ ಕೆಳಗಿನವರೆಗೆ ಗೋಡೆ ಕಟ್ಟಿದ ಹಾಗೆ ತುಂಬಿತ್ತು. ಕನ್ಸೋಲ್ ಗೇಮ್‌ಗಳಲ್ಲಿ ಒಟ್ಟಾರೆ ಸದ್ದಿನ ಮಟ್ಟಕ್ಕೆ ಮೈನಸ್ 24 ಎಲ್‌ಯುಎಫ್‌ಎಸ್ (ಒಟ್ಟು ಸದ್ದಿನ ಜೋರನ್ನು ಅಳೆಯುವ ಮಾನ) ಆಸುಪಾಸನ್ನು ಗುರಿಯಾಗಿ ಇಟ್ಟುಕೊಳ್ಳುವುದು ರೂಢಿ. ಇವನದು ಅದಕ್ಕಿಂತ ಎಷ್ಟೋ ಮೇಲೆ ಹೋಗಿತ್ತು. ಹಠಾತ್ತಾಗಿ ಜೋರು ಶಬ್ದ ಬಂದರೆ ಮೈ ಬೆಚ್ಚಿಬೀಳುತ್ತದೆ, ಅದಕ್ಕೆ ಯೋಚನೆಯೇ ಬೇಕಿಲ್ಲ. ಆದರೆ ಅದೇ ಶಬ್ದ ಮತ್ತೆ ಮತ್ತೆ ಬಂದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ತಂಡದ ಕಿವಿ ಎಂದೋ ಒಗ್ಗಿತ್ತು, ಸ್ನೇಹಿತರ ಕಿವಿಯೂ ಒಗ್ಗಿತ್ತು. ಹೆದರಿಕೆ ಕಳೆದುಕೊಂಡವರ ಮಾತು ಕೇಳಿ ಹೆದರಿಕೆ ಅಳೆಯುತ್ತಿದ್ದರು. ನನ್ನ ಪ್ರಕಾರ ಹಾರರ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಕಾಮಿಡಿ ಬರೆಯುವವರಿಗೂ ಇದೇ ಪಾಡು ಇರಬಹುದು.

ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ಗೇಮನ್ನು ಹೊರಗಿನವರ ಮುಂದೆ ಇಟ್ಟಾಗ ವಿಷಯ ಬಯಲಾಯಿತು. ಹುಡುಗರು ಮೊದಲ ಹತ್ತು ನಿಮಿಷ ಕಿರುಚಿದರು. ಆಮೇಲೆ ನಗತೊಡಗಿದರು. ಒಬ್ಬ ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಹಾಕಿಕೊಂಡು ಪಕ್ಕದವನ ಜೊತೆ ಮಾತಾಡುತ್ತಾ ಆಡಿದ. ಸ್ಥಾಪಕನಿಗೆ ಕಿರುಚಾಟ ಕೇಳಿ ಖುಷಿಯಾಗಿತ್ತು. ಅಕ್ಕ ಮಾತ್ರ ಆ ರಾತ್ರಿ ಗೇಮಿನ ದಾಖಲೆ ತೆಗೆದು ನೋಡಿದಳು. ಪ್ರತಿ ಬಾಗಿಲಿನ ಮುಂದೆ ಆಟಗಾರ ಎಷ್ಟು ಹೊತ್ತು ಅಲ್ಲಾಡದೆ ನಿಲ್ಲುತ್ತಾನೆ ಎಂದು ಬರೆದಿಡುವ ಸಣ್ಣ ಕೋಡನ್ನು ಅವಳು ಸೇರಿಸಿದ್ದಳು. ನಿಜವಾಗಿ ಹೆದರಿದವನು ಬಾಗಿಲ ಮುಂದೆ ನಿಂತೇ ನಿಲ್ಲುತ್ತಾನೆ ಎಂಬುದು ಅವಳ ಲೆಕ್ಕಾಚಾರ. ಅಲ್ಲಿ ಯಾರೂ ಯಾವ ಬಾಗಿಲಿಗೂ ನಿಂತಿರಲಿಲ್ಲ. ಎಲ್ಲರೂ ಓಡುತ್ತಾ ಬಾಗಿಲು ತಳ್ಳಿದ್ದರು.

ಪಬ್ಲಿಷರ್‌ನ ಮಾತು

ಅದೇ ಹೊತ್ತಿಗೆ ಹೊರದೇಶದ ಒಬ್ಬ ಪಬ್ಲಿಷರ್ ಆಸಕ್ತಿ ತೋರಿಸಿದ. ಮುಂಗಡ ಕೊಡುತ್ತೇನೆ, ಕಂತು ಕಂತಾಗಿ. ಆದರೆ ವಠಾರ ಬೇಡ, ಪಾಳು ಅರಮನೆ ಮಾಡಿ. ಮಾತೆಲ್ಲ ಇಂಗ್ಲಿಷಿನಲ್ಲಿರಲಿ. ದೆವ್ವ ಇನ್ನೂ ಜಾಸ್ತಿ ಕಾಣಿಸಲಿ. ಕೈಯಲ್ಲಿದ್ದ ದುಡ್ಡು ಕೆಲವೇ ತಿಂಗಳಿಗೆ ಸಾಕಾಗುತ್ತಿತ್ತು. ಆರ್ಟಿಸ್ಟ್‌ಗಳಿಬ್ಬರೂ ಒಪ್ಪೋಣ ಎಂದರು. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಒಬ್ಬನಿಗೆ ಮನೆ ಸಾಲದ ಕಂತು, ಇನ್ನೊಬ್ಬನಿಗೆ ತಂಗಿಯ ಮದುವೆ. ಸ್ಥಾಪಕ ಒಂದು ವಾರ ಸಮಯ ಕೇಳಿದ.

ಆ ವಾರದಲ್ಲಿ ನಡೆದದ್ದೇ ಇಡೀ ಪ್ರಕರಣದ ತಿರುವು. ಓನರ್ ಮನೆಯ ಮಗಳು ಪಿಯುಸಿ ಓದುತ್ತಿದ್ದಳು. ತಾನೂ ಆಡುತ್ತೇನೆ ಎಂದು ಬಹಳ ದಿನದಿಂದ ಕೇಳುತ್ತಿದ್ದಳು. ಒಂದು ಸಂಜೆ ಅಕ್ಕ ಅವಳನ್ನು ಕೂರಿಸಿದಳು. ಹುಡುಗಿಯನ್ನು ಊಟಕ್ಕೆ ಕರೆಯಲು ಬಂದ ಅವಳ ಅಮ್ಮ ಕುರ್ಚಿಯ ಹಿಂದೆ ಸುಮ್ನೆ ನಿಂತು ನೋಡತೊಡಗಿದರು. ದೆವ್ವ ಬಂತು, ಹೋಯಿತು. ಅಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಒಂದು ಚಿಕ್ಕ ದೃಶ್ಯ. ಆಟಗಾರಳನ್ನು ಮನೆಯಿಂದ ಹೊರಗೆ ಕಳಿಸಲು ಒಂದು ನೆಪ ಬೇಕಿತ್ತು, ಅದಕ್ಕೆಂದು ಹಾಕಿದ ದೃಶ್ಯ ಅದು. ಕತ್ತಲಾಗಿದೆ, ದೇವರ ಮುಂದೆ ದೀಪ ಉರಿಯುತ್ತಿದೆ. ಪಕ್ಕದ ಮನೆಯವಳು ಬಾಗಿಲು ತಟ್ಟುತ್ತಾಳೆ: ‘ಸ್ವಲ್ಪ ಹೆಪ್ಪು ಇದ್ರೆ ಕೊಡ್ತೀರಾ?’

ಹುಡುಗಿಯ ಕೈ ಚಿಲಕದ ಕಡೆ ಹೋಯಿತು. ಹಿಂದಿನಿಂದ ಅಮ್ಮ ತಟ್ಟನೆ ಅವಳ ಭುಜ ಹಿಡಿದರು.

‘ಏಯ್, ತೆಗೀಬೇಡ ಕಣೇ. ದೀಪ ಹಚ್ಚಿ ಆಗಿದೆ.’

‘ಯಾಕೆ ಆಂಟಿ?’ ಎಂದಳು ಅಕ್ಕ.

‘ಈ ಹೊತ್ತಲ್ಲಿ ಹೆಪ್ಪು ಕೇಳ್ಕೊಂಡು ಯಾರಮ್ಮ ಬರ್ತಾರೆ? ಗೊತ್ತಿರೋರು ಯಾರೂ ಬರಲ್ಲ.’

ದೀಪ ಹಚ್ಚಿದ ಮೇಲೆ ಮೊಸರು, ಉಪ್ಪು, ಸೂಜಿ ಹೊರಗೆ ಕೊಡಬಾರದು ಎಂಬುದು ನಮ್ಮ ಮನೆಗಳಲ್ಲಿ ಎಲ್ಲರೂ ಕೇಳಿ ಬೆಳೆದ ಮಾತು. ತಂಡದವರಿಗೂ ಗೊತ್ತಿತ್ತು. ಆದರೆ ಗೇಮ್ ಬರೆಯುವಾಗ ಅದು ಯಾರ ತಲೆಗೂ ಬಂದಿರಲಿಲ್ಲ. ಗೊತ್ತಿರುವವಳಾದರೆ ಈ ಹೊತ್ತಿಗೆ ಕೇಳುವುದಿಲ್ಲ, ಕೇಳಿದಳು ಎಂದ ಮೇಲೆ ಅವಳು ಪಕ್ಕದ ಮನೆಯವಳಲ್ಲ. ಇಷ್ಟನ್ನು ಆ ಹೆಂಗಸು ಒಂದೇ ಕ್ಷಣದಲ್ಲಿ ಲೆಕ್ಕ ಹಾಕಿಬಿಟ್ಟಿದ್ದರು. ಬಿಳಿ ಸೀರೆಯ ದೆವ್ವಕ್ಕೆ ಮಿಸುಕದವರು ಬಾಗಿಲಾಚೆಯ ಒಂದು ಮಾತಿಗೆ ಮಗಳ ಭುಜ ಹಿಡಿದರು.

ಮರುದಿನ ಪಬ್ಲಿಷರ್‌ಗೆ ಆಗುವುದಿಲ್ಲ ಎಂದು ಬರೆದರು.

ಏನು ಕಿತ್ತರು, ಏನು ಉಳಿಸಿದರು

ಮೊದಲು ಕಿತ್ತದ್ದು ದೆವ್ವಗಳನ್ನು. ಇದಕ್ಕೆ ದೊಡ್ಡ ಜಗಳವೇ ಆಯಿತು. ದೆವ್ವವೇ ಇಲ್ಲದ ಹಾರರ್ ಗೇಮನ್ನು ಯಾರು ಕೊಳ್ಳುತ್ತಾರೆ ಎಂದು ಆರ್ಟಿಸ್ಟ್ ಕೇಳಿದ. ಅವನ ಒಂದು ವರ್ಷದ ಕೆಲಸ ಅದು. ಅಕ್ಕ ಮತ್ತೆ ಫ್ರಿಕ್ಷನಲ್‌ನ ಉದಾಹರಣೆ ತೆಗೆದಳು. ಅವರ ‘ಸೋಮಾ’ ಗೇಮಿಗೆ, ಅದು ಬಂದ ಎರಡು ವರ್ಷದ ಮೇಲೆ, 2017ರ ಡಿಸೆಂಬರ್‌ನಲ್ಲಿ ಸೇಫ್ ಮೋಡ್ ಎಂಬ ಆಯ್ಕೆ ಸೇರಿಸಿದರು. ಅದರಲ್ಲಿ ಜೀವಿಗಳು ಆಟಗಾರನನ್ನು ಕೊಲ್ಲುವುದಿಲ್ಲ. ಅಟ್ಟಿಸಿಕೊಂಡು ಬಂದು ಕೊಲ್ಲುವುದರಾಚೆಗೂ ಗೇಮಿನಲ್ಲಿ ಏನೋ ಇದೆ ಎಂಬ ನಂಬಿಕೆ ಇಲ್ಲದಿದ್ದರೆ ಯಾರೂ ಹಾಗೆ ಮಾಡುವುದಿಲ್ಲ ಅಲ್ವಾ? ಕೊನೆಗೆ ಒಂದು ರಾಜಿ ಆಯಿತು. ದೆವ್ವ ಗೇಮಿನಲ್ಲಿ ಒಂದೇ ಸಲ, ಅದೂ ಬೆನ್ನು ಮಾತ್ರ ಕಾಣುವ ಹಾಗೆ.

ಆಮೇಲೆ ಕಷ್ಟದ ಪ್ರಶ್ನೆ ಬಂತು. ಹೆಪ್ಪು ಎಂದರೇನು ಎಂದೇ ಗೊತ್ತಿಲ್ಲದವನಿಗೆ ಈ ಹೆದರಿಕೆ ಹುಟ್ಟುವುದು ಹೇಗೆ? ಮೊದಲ ಐಡಿಯಾ, ಅಜ್ಜಿಯಿಂದ ವಿವರಣೆ ಕೊಡಿಸುವುದು. ಹೊಸಬರನ್ನು ಕೂರಿಸಿ ನೋಡಿದಾಗ ಅವರು ಆ ಮಾತನ್ನು ಬೇಗ ಬೇಗ ಕ್ಲಿಕ್ ಮಾಡಿ ದಾಟಿಸಿಬಿಟ್ಟರು. ಎರಡನೇ ಐಡಿಯಾ ಗೆದ್ದಿತು. ನಿಯಮವನ್ನು ಹೇಳುವುದು ಬೇಡ, ಆಟಗಾರನ ಕೈಯಲ್ಲೇ ಮಾಡಿಸೋಣ. ಮೊದಲ ಸಂಜೆ ಬೆಳಕಿರುವಾಗಲೇ ಪಕ್ಕದ ಮನೆಯವಳು ಬರುತ್ತಾಳೆ. ಅಜ್ಜಿ ಬಟ್ಟಲಲ್ಲಿ ಹೆಪ್ಪು ಹಾಕಿ ಕೊಡುತ್ತಾಳೆ, ನಾವೇ ಅದನ್ನು ಚೆಲ್ಲದ ಹಾಗೆ ಹೊಸ್ತಿಲವರೆಗೆ ಒಯ್ದು ಕೊಡಬೇಕು. ಎರಡನೇ ಸಂಜೆ ಅವಳು ಬರುವುದು ಸ್ವಲ್ಪ ತಡ. ದೀಪ ಹಚ್ಚಿ ಆಗಿದೆ. ‘ಬೆಳಿಗ್ಗೆ ಬಾರಮ್ಮ’ ಎನ್ನುತ್ತಾಳೆ ಅಜ್ಜಿ ಒಳಗಿನಿಂದ. ಅವಳು ‘ಅಯ್ಯೋ ಮರೆತೇಬಿಟ್ಟೆ ನೋಡಿ’ ಎಂದು ನಕ್ಕು ಹೋಗುತ್ತಾಳೆ. ಮೂರನೇ ಸಂಜೆ ಅಜ್ಜಿ ಇಲ್ಲ, ಕರೆಂಟ್ ಇಲ್ಲ, ಪಕ್ಕದ ಮನೆಗೆ ಬೀಗ ಬಿದ್ದಿರುವುದನ್ನು ನಾವು ಹಗಲಲ್ಲೇ ನೋಡಿದ್ದೇವೆ. ದೀಪ ನಾವೇ ಹಚ್ಚುತ್ತೇವೆ. ಬಾಗಿಲು ತಟ್ಟುತ್ತದೆ.

ಜರ್ಮನಿಯಿಂದ ಬಂದು ಇಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರನ್ನು ಆಡಲು ಕೂರಿಸಿದರು. ಹೆಪ್ಪು ಅಂದರೆ ಏನೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಆದರೆ ಮೂರನೇ ಸಂಜೆ ಅವರು ಮೌಸ್ ಬಿಟ್ಟು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅಕ್ಕನ ದಾಖಲೆಯಲ್ಲಿ ಆ ಬಾಗಿಲಿನ ಮುಂದೆ ನಿಂತ ಹೊತ್ತು ಬೇರೆಲ್ಲ ಬಾಗಿಲಿಗಿಂತ ಬಹಳ ಜಾಸ್ತಿ ಇತ್ತು. ಆಮೇಲೆ ಬಂದ ಹೆಚ್ಚಿನವರಲ್ಲೂ ಹೀಗೇ ಆಯಿತು.

ಪ್ಲೇಗ್ ಪತ್ರಗಳೂ ಹೋದವು. ಅವುಗಳ ಜಾಗದಲ್ಲಿ ಅಜ್ಜಿಯ ಒಂದು ಮಾತು ಉಳಿಯಿತು. ಓಣಿಯ ಕೊನೆಯ ಮನೆ ತೋರಿಸಿ, ‘ಇಲಿ ಬಿದ್ದ ಮನೆ ಅದು, ಆ ಕಡೆ ಹೋಗಬೇಡ’ ಎನ್ನುತ್ತಾಳೆ, ಅಷ್ಟೇ. ಇಲಿ ಬಿದ್ದರೆ ಊರು ಬಿಡುತ್ತಿದ್ದ ಕಾಲದ ಮಾತು ಕೇಳಿದವರಿಗೆ ಅದು ತಾಗುತ್ತದೆ. ಕೇಳದವರಿಗೆ ಅದೊಂದು ಹೋಗಬಾರದ ಮನೆ.

ಮಾತು ಕನ್ನಡದಲ್ಲೇ ಇರಲಿ, ವಠಾರದಲ್ಲಿ ತಮಿಳು, ತೆಲುಗು, ಉರ್ದುವೂ ಕೇಳಲಿ, ಬೇರೆಯವರಿಗೆ ಸಬ್‌ಟೈಟಲ್ ಇರಲಿ ಎಂದಾಯಿತು. ಸಬ್‌ಟೈಟಲ್‌ನಲ್ಲೂ ಒಂದು ಹುಳುಕು ಸಿಕ್ಕಿತು. ಮಾತಿನ ಮುಂದೆ ‘ಪಕ್ಕದ ಮನೆಯವಳು’ ಎಂದು ಬರೆದುಬಿಟ್ಟರೆ ಬಾಗಿಲಾಚೆ ಇರುವುದು ಯಾರು ಎಂಬ ಅನುಮಾನಕ್ಕೆ ಜಾಗವೇ ಇಲ್ಲ! ಅದೂ ಅಲ್ಲದೆ, ಅಕ್ಷರ ಕೆಳಗೆ ಬಂದರೆ ಕಣ್ಣೂ ಕೆಳಗೆ ಹೋಗುತ್ತದೆ, ಮೇಲೆ ಅಲ್ಲಾಡಿದ ಪರದೆ ಕಾಣುವುದಿಲ್ಲ. ಹೆಸರು ತೆಗೆದರು. ಸದ್ದು ಬಂದ ಕಡೆ, ಗೋಡೆಯ ಮೇಲೋ ಬಾಗಿಲ ಮೇಲೋ, ಅಕ್ಷರ ಮೂಡುವ ಹಾಗೆ ಮಾಡಿದರು. ಇದು ಸೌಂಡ್ ಹುಡುಗನ ಸಲಹೆ. ಒಟ್ಟು ಸದ್ದನ್ನು ಅವನು ಎಷ್ಟು ಇಳಿಸಿದನೆಂದರೆ, ನಲ್ಲಿಯ ತೊಟ್ಟು ಬೀಳುವುದು ನಿಂತರೂ ಆಟಗಾರನಿಗೆ ತಿಳಿಯುತ್ತಿತ್ತು. ಬೆಂಗಳೂರಿನಲ್ಲಿ ಆ ಮಟ್ಟದ ನಿಶ್ಶಬ್ದ ರೆಕಾರ್ಡ್ ಮಾಡಲು ಜಾಗ ಹುಡುಕಿ ಹುಡುಕಿ, ಕೊನೆಗೆ ಅವನು ತನ್ನ ಊರಿನ ಮನೆಗೆ ಹೋಗಿ ಬಂದ.

ಹೊಸಬರ ಪುಸ್ತಕ

ನಾನು ಹೆಚ್ಚು ತಲೆಹಾಕಿದ್ದು ಇಲ್ಲಿ. ನಗದು ಪುಸ್ತಕ ಇಟ್ಟ ಹಾಗೆಯೇ ಹೊಸಬರಿಗೂ ಒಂದು ಪುಸ್ತಕ ಇಡೋಣ ಎಂದೆ. ಯಾರು, ಯಾವ ಆವೃತ್ತಿ ಆಡಿದರು, ಎಷ್ಟು ಭಾಗ ನೋಡಿದರು ಎಂಬುದು ಅದರಲ್ಲಿ ಇರಬೇಕು. ಒಬ್ಬರನ್ನು ಒಂದು ಸಲ ಕರೆದರೆ ಮತ್ತೆ ಕರೆಯುವ ಹಾಗಿಲ್ಲ. ಇಡೀ ಗೇಮ್ ತೋರಿಸುವ ಅಗತ್ಯವಿಲ್ಲದಿದ್ದರೆ ಒಂದು ಸಂಜೆ ಮಾತ್ರ ತೋರಿಸಬೇಕು. ಯಾರನ್ನಾದರೂ ಕರೆಯುವ ಮೊದಲು, ಈ ಸಲ ಯಾವ ಪ್ರಶ್ನೆಗೆ ಉತ್ತರ ಬೇಕು ಎಂದು ಬರೆದಿಡಬೇಕು. ಪ್ರಶ್ನೆ ಇಲ್ಲದಿದ್ದರೆ ಕರೆಯುವುದೇ ಬೇಡ. ಹಾರರ್ ಇಷ್ಟಪಡುವವರು, ಮೊಬೈಲಿನಲ್ಲಿ ಮಾತ್ರ ಆಡುವವರು, ಗೇಮನ್ನೇ ಮುಟ್ಟದವರು, ಮೂರೂ ಥರದವರು ಬೇಕು. ಆಡುವಾಗ ತಂಡದವರು ಬಾಯಿ ಬಿಡಬಾರದು, ಆಟಗಾರನ ಕೈ ನೋಡಬೇಕು. ‘ಭಯ ಆಯ್ತಾ?’ ಎಂಬ ಪ್ರಶ್ನೆಯನ್ನು ಕೈಬಿಡಿಸಿದ್ದು ಅಕ್ಕ. ಕೇಳಿದರೆ ಜನ ಮರ್ಯಾದೆಗೆ ಹೌದು ಎನ್ನುತ್ತಾರೆ, ಇಲ್ಲವೇ ಜಂಬಕ್ಕೆ ಇಲ್ಲ ಎನ್ನುತ್ತಾರೆ.

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ನೆಕ್ಸ್ಟ್ ಫೆಸ್ಟ್ ಬಗ್ಗೆ ತೀರ್ಮಾನ ಬಂದದ್ದೂ ಇದೇ ಲೆಕ್ಕದಿಂದ. ವರ್ಷಕ್ಕೆ 3 ಸಲ ನಡೆಯುವ ಈ ಡೆಮೊ (ಆಡಿ ನೋಡಲು ಕೊಡುವ ಗೇಮಿನ ಒಂದು ಭಾಗ) ಹಬ್ಬಕ್ಕೆ ಒಂದು ಗೇಮ್ ಒಂದೇ ಸಲ ಹೋಗಬಹುದು. ಫೆಬ್ರವರಿಯದಕ್ಕೆ ಹೆಸರು ಕೊಟ್ಟಿದ್ದರು. ಮೂರನೇ ಸಂಜೆ ಇನ್ನೂ ಹದಕ್ಕೆ ಬಂದಿರಲಿಲ್ಲ. ಹೆಸರು ವಾಪಸ್ ತೆಗೆದು ಜೂನ್‌ಗೆ ಹಾಕಿದರು. ನಾಲ್ಕು ತಿಂಗಳ ಬಾಡಿಗೆ, ಸಂಬಳ ಜಾಸ್ತಿಯಾಯಿತು. ಡೆಮೊ ಎಲ್ಲಿ ನಿಲ್ಲಬೇಕು ಎಂಬುದಕ್ಕೂ ವಾದ ನಡೆದು, ಎರಡನೇ ಸಂಜೆ ಅವಳು ನಕ್ಕು ಹೋಗುವಲ್ಲಿಗೆ ನಿಲ್ಲಿಸಿದರು. ಒಳ್ಳೆಯದನ್ನೆಲ್ಲ ಬಚ್ಚಿಟ್ಟರೆ ಜನ ಬರುತ್ತಾರಾ ಎಂಬ ಅಂಜಿಕೆ ಸ್ಥಾಪಕನಿಗೆ ಕೊನೆಯವರೆಗೂ ಇತ್ತು.

ತೆತ್ತದ್ದು ಮತ್ತು ಸಿಕ್ಕದ್ದು

ಖರ್ಚು ತೂಗಿಸಲು ಇಬ್ಬರು ಆರ್ಟಿಸ್ಟ್‌ಗಳು ಮತ್ತೆ ಹೊರಗಿನ ಮೊಬೈಲ್ ಗೇಮ್‌ಗಳ ಕೆಲಸ ಹಿಡಿದರು. ಹಗಲು ಅದು, ರಾತ್ರಿ ಇದು. ಅವರಲ್ಲಿ ಒಬ್ಬ, ದೆವ್ವ ಮಾಡಿದವನೇ, ತಿಂಗಳುಗಳ ಕಾಲ ಹೀಗೆ ಎಳೆದು ಕೊನೆಗೆ ಸಂಬಳದ ಕೆಲಸಕ್ಕೆ ಹೋದ. ಇದನ್ನು ಸಣ್ಣದು ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಪಬ್ಲಿಷರ್‌ಗೆ ಬೇಡ ಎಂದದ್ದರ ಬೆಲೆಯನ್ನು ಜಾಸ್ತಿ ತೆತ್ತವನು ಅವನು. ಅವನು ಹೋದ ಮೇಲೆ ವಠಾರದ ಅರ್ಧಕ್ಕಿಂತ ಜಾಸ್ತಿ ಮನೆಗಳ ಬಾಗಿಲು ತೆರೆಯದೆಯೇ ಉಳಿದವು, ಒಳಗಿನಿಂದ ಸದ್ದು ಮಾತ್ರ ಬರುತ್ತದೆ. ಅದು ಗೇಮಿಗೆ ಒಳ್ಳೆಯದೇ ಆಯಿತು. ಆದರೆ ನೆರೆಯವರ ಮುಖಗಳು ಅರೆಬರೆ ಉಳಿದವು, ಆಡಿದವರು ಅದನ್ನು ಗುರುತಿಸಿ ಬೈದರು ಕೂಡ.

ಗೇಮಿನ ಉದ್ದ ಸುಮಾರು ಒಂದೂವರೆ ಗಂಟೆ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಅಂದರೆ ಪೂರ್ತಿ ಆಡಿ ಮುಗಿಸಿ ದುಡ್ಡು ವಾಪಸ್ ಪಡೆಯಲು ದಾರಿ ಇದೆ. ಉದ್ದ ಮಾಡಲು ಬೀಗದ ಕೈ ಹುಡುಕುವ ಭಾಗವೊಂದನ್ನು ಸೇರಿಸಿ ನೋಡಿದರು. ಕತ್ತಲಲ್ಲಿ ಅಡ್ಡಾಡಿ ಅಡ್ಡಾಡಿ ಆಟಗಾರರಿಗೆ ಮನೆ ಪರಿಚಯವಾಗಿಬಿಟ್ಟಿತು, ಮೂರನೇ ಸಂಜೆ ಬಾಗಿಲ ಮುಂದೆ ನಿಲ್ಲುವ ಹೊತ್ತು ಇಳಿಯಿತು. ಆ ಭಾಗವನ್ನು ಕಿತ್ತು ಬೆಲೆ ಇಳಿಸಿದರು. ಬಿಡುಗಡೆಯಾದ ಮೇಲೆ ಆಡಿ ಮುಗಿಸಿ ವಾಪಸ್ ಕೊಟ್ಟವರೂ ಇದ್ದರು. ‘ತುಂಬಾ ಚೆನ್ನಾಗಿದೆ, ಆದರೆ ಚಿಕ್ಕದು’ ಎಂದು ಬರೆದು ಹೋದರು.

ಹಣದ ವಿಷಯದಲ್ಲಿ ಹೊಸದಾಗಿ ಗೇಮ್ ಮಾಡುವವರಿಗೆ ಉಪಯೋಗಕ್ಕೆ ಬರುವ ಒಂದು ಮಾತು. ಸ್ಟೀಮ್ ತನ್ನ ಪಾಲು 30 ಪರ್ಸೆಂಟ್ ಹಿಡಿಯುತ್ತದೆ. ಅಮೆರಿಕದ ಮಾರಾಟದ ಮೇಲೆ ಅಲ್ಲಿನ ತೆರಿಗೆ ಬೇರೆ ಕಡಿತವಾಗುತ್ತದೆ. ಒಂದು ತಿಂಗಳ ಮಾರಾಟದ ದುಡ್ಡು ಬರುವುದು ಮುಂದಿನ ತಿಂಗಳ ಕೊನೆಗೆ. ಸ್ಥಾಪಕ ಬಿಡುಗಡೆಯ ತಿಂಗಳ ಸಂಬಳವನ್ನು ಅದೇ ತಿಂಗಳ ಮಾರಾಟದಿಂದ ಕೊಡುವ ಲೆಕ್ಕದಲ್ಲಿದ್ದ. ಅದನ್ನು ತಿದ್ದಿ, ಬಿಡುಗಡೆಯ ನಂತರ ಎರಡೂವರೆ ತಿಂಗಳಿಗೆ ಸಾಕಾಗುವಷ್ಟನ್ನು ಮೊದಲೇ ಎತ್ತಿಟ್ಟೆವು. ಅದಿಲ್ಲದಿದ್ದರೆ ಗೇಮ್ ಹೊರಬಂದ ವಾರಗಳಲ್ಲೇ, ಜನ ತಪ್ಪು ತೋರಿಸಿ ಬರೆಯುತ್ತಿದ್ದಾಗ, ತಿದ್ದಲು ಆಫೀಸಿನಲ್ಲಿ ಯಾರೂ ಇರುತ್ತಿರಲಿಲ್ಲ.

ಗೇಮ್ ದೊಡ್ಡ ಹಿಟ್ ಆಗಲಿಲ್ಲ. ಮೊದಲ ತಿಂಗಳು ನಿರಾಸೆಯೇ. ಆಮೇಲೆ ಒಬ್ಬರಿಂದ ಒಬ್ಬರಿಗೆ ಹರಡಿ ನಿಧಾನಕ್ಕೆ ಮಾರಾಟವಾಗುತ್ತಾ ಹೋಯಿತು. ಹಾಕಿದ ದುಡ್ಡು ಹುಟ್ಟಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಕೊಂಡವರಲ್ಲಿ ಕನ್ನಡದವರಿಗಿಂತ ಹೊರಗಿನವರೇ ಜಾಸ್ತಿ. ಮೂರನೇ ಸಂಜೆಯ ಬಾಗಿಲನ್ನು ತೆರೆಯದೇ, ಬೆಳಗಾಗುವವರೆಗೆ ದೀಪದ ಪಕ್ಕ ಕೂತು ಗೇಮ್ ಮುಗಿಸಬಹುದು. ಆ ದಾರಿ ಗೇಮಿನಲ್ಲಿದೆ ಎಂದು ಎಲ್ಲೂ ಹೇಳಿಲ್ಲ. ಕನ್ನಡ ಬಲ್ಲ ಬಹಳಷ್ಟು ಜನ ಅದನ್ನು ಮೊದಲ ಸಲವೇ ಮಾಡಿದ್ದಾರೆ ಎಂದು ಬರೆದು ತಿಳಿಸಿದ್ದಾರೆ.

ಈಗ ನಾಲ್ಕು ಜನರಿದ್ದಾರೆ. ಎರಡನೇ ಗೇಮಿನ ಕೆಲಸ ಶುರುವಾಗಿದೆ. ಈ ಸಲ ಹೊರಗಿನ ಕೆಲಸಕ್ಕೆ ವರ್ಷದಲ್ಲಿ ಇಂತಿಷ್ಟೇ ತಿಂಗಳು ಎಂದು ಮೊದಲೇ ಗೆರೆ ಎಳೆದಿದ್ದಾರೆ, ಆ ತಿಂಗಳಲ್ಲಿ ಸ್ವಂತ ಗೇಮನ್ನು ಯಾರೂ ಮುಟ್ಟುವುದಿಲ್ಲ. ಈ ಗೇಮಿನ ಹೊಸಬರ ಪುಸ್ತಕದ ಮೊದಲ ಪುಟದಲ್ಲಿ ಇನ್ನೂ ಒಂದೇ ಹೆಸರಿದೆ, ಬಿಟ್ಟುಹೋದ ಆರ್ಟಿಸ್ಟ್‌ನದು. ಅವನು ಹೊಸ ಗೇಮಿನ ಒಂದು ಚಿತ್ರವನ್ನೂ ನೋಡಿಲ್ಲ. ಆಡಿಸಲು ಏನಾದರೂ ಸಿದ್ಧವಾದ ದಿನ ಅವನನ್ನೇ ಮೊದಲು ಕರೆಯಬೇಕು ಎಂದು ಅಕ್ಕ ಹೇಳಿದ್ದಾಳೆ, ಅವನೂ ಒಪ್ಪಿದ್ದಾನೆ.